ಹಳದಿ ಕವರಿನ ಪ್ಲೇಟು: ಸೆಕ್ಸ್ ಪಿಸ್ಟಲ್ಸ್ ಆಲ್ಬಮ್ಮಿನ ಹೊಸ ಅಚ್ಚು ಕೇಳಿದ ಮೇಲೆ

ಸೆಕ್ಸ್ ಪಿಸ್ಟಲ್ಸ್ ಎಂಬ ಲಂಡನ್ನಿನ ರಾಕ್ ತಂಡವು ಸ್ಟುಡಿಯೋದಲ್ಲಿ ಕುಳಿತು ಪೂರ್ತಿ ಮಾಡಿದ ಆಲ್ಬಮ್ ಒಂದೇ ಒಂದು. 1977ರ ಅಕ್ಟೋಬರ್ ಕೊನೆಯಲ್ಲಿ ಬಿಡುಗಡೆಯಾದ ಆ ಆಲ್ಬಮ್ಮಿನ ಹೆಸರು ‘ನೆವರ್ ಮೈಂಡ್ ದ ಬೊಲಕ್ಸ್, ಹಿಯರ್ಸ್ ದ ಸೆಕ್ಸ್ ಪಿಸ್ಟಲ್ಸ್’. ಕಾಲೇಜಿನ ದಿನಗಳಲ್ಲಿ ಸ್ನೇಹಿತನೊಬ್ಬ ತುಂಬಿಸಿಕೊಟ್ಟ ಕ್ಯಾಸೆಟ್ಟಿನಲ್ಲಿ, ಆಮೇಲೆ ಫೋನಿನಲ್ಲಿ, ಹೀಗೆ ವರ್ಷಗಟ್ಟಲೆ ಕೇಳುತ್ತಲೇ ಬಂದಿದ್ದ ಈ ಆಲ್ಬಮ್ಮಿನ ಹೊಸ ಅಚ್ಚಿನ ಎಲ್‌ಪಿಯನ್ನು ಕಳೆದ ತಿಂಗಳು ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಗೆ ತರಿಸಿಕೊಂಡೆ. ಸಾಗಣೆಯೂ ಸೇರಿ 3,200 ರೂಪಾಯಿ ಆಯಿತು. ಮೂವತ್ತೆಂಟು ನಿಮಿಷದ ಸಂಗೀತಕ್ಕೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಕೊಳ್ಳಬೇಕೆಂದು ಯೋಚಿಸುತ್ತಿರುವವರಿಗೆ ಇದು ಆ ಬೆಲೆಗೆ ತಕ್ಕ ವಸ್ತುವೇ, ಅರ್ಧ ಶತಮಾನದ ಹಿಂದಿನ ಒಂದು ಗಲಾಟೆಯನ್ನು ಈಗ ಕೇಳುವುದರಲ್ಲಿ ಏನಾದರೂ ಇದೆಯೇ ಎಂಬುದನ್ನು ತಿಳಿಸುವ ಸಲುವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಪ್ಲೇಟಿನ ಮೇಲೆ ಮುಳ್ಳು ಇಟ್ಟ ಸಂಜೆ ನಮ್ಮ ಸೋದರಮಾವ ಮನೆಗೆ ಬಂದಿದ್ದರು. ಒಂಟಿಕೊಪ್ಪಲಿನ ಎಂಟನೇ ಕ್ರಾಸ್‌ನ ಗಣೇಶೋತ್ಸವದ ಕಚೇರಿಗಳನ್ನು ನಲವತ್ತು ವರ್ಷಗಳಿಂದ ತಪ್ಪಿಸಿಕೊಳ್ಳದೆ ಕೇಳಿದವರು. ತಂಬೂರಿಯ ಒಂದು ತಂತಿ ಕೂದಲೆಳೆಯಷ್ಟು ಇಳಿದರೂ ಅವರ ಮುಖ ಗಂಟಿಕ್ಕುತ್ತದೆ. ಪ್ಲೇಟು ಶುರುವಾಗುವುದು ಬೂಟುಗಾಲುಗಳ ಸಾಲುನಡಿಗೆಯ ಸದ್ದಿನಿಂದ. ಅದರ ಹೆಜ್ಜೆಗೆ ಹೊಂದಿಕೊಂಡು ಡ್ರಮ್ ಬರುತ್ತದೆ, ಅದರ ಬೆನ್ನಿಗೇ ಗಿಟಾರು ಗೋಡೆಯಂತೆ ಎದ್ದು ನಿಲ್ಲುತ್ತದೆ. ಮಾವ ಎರಡು ಹಾಡು ಮುಗಿಯುವವರೆಗೂ ತುಟಿ ಬಿಚ್ಚಲಿಲ್ಲ.

“ಏನಯ್ಯಾ ಇದು, ಹಾಡೋ ಬೈಗುಳವೋ?” ಎಂದರು.

“ಎರಡೂ ಹೌದು ಮಾವ. ನಿಲ್ಲಿಸಲಾ?”

“ಬೇಡ, ಇರಲಿ ಬಿಡು. ಬೈಯ್ಯೋದು ಬೈತಿದಾನೆ, ಆದ್ರೆ ಆ ಗಿಟಾರ್ ನುಡಿಸ್ತಿರೋನು ಶ್ರುತಿ ಒಂಚೂರೂ ಬಿಟ್ಟಿಲ್ಲ ಕಣಯ್ಯ.”

ಈ ಆಲ್ಬಮ್ಮಿನ ಬಗ್ಗೆ ನಾನು ಓದಿದ ಎಷ್ಟೋ ಬರಹಗಳಿಗಿಂತ ಮಾವನ ಆ ಒಂದು ಮಾತು ಹೆಚ್ಚು ಸರಿಯಾಗಿದೆ. ಸೆಕ್ಸ್ ಪಿಸ್ಟಲ್ಸ್ ಎಂದೊಡನೆ ಜನರಿಗೆ ನೆನಪಾಗುವುದು ಉಗುಳು, ಬೈಗುಳ, ಹರಿದ ಬಟ್ಟೆ, ಸೇಫ್ಟಿ ಪಿನ್ನು. ವಾದ್ಯ ನುಡಿಸಲು ಬಾರದ ಹುಡುಗರು ಕಿರುಚಿ ಹೆಸರು ಮಾಡಿದರು ಎಂಬ ಕಥೆ ಎಷ್ಟು ಬೇರೂರಿದೆಯೆಂದರೆ, ತಂಡದ ಅಭಿಮಾನಿಗಳೂ ಅದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ಪ್ಲೇಟನ್ನು ಗಮನವಿಟ್ಟು ಕೇಳಿದವರು ಆ ಕಥೆಯನ್ನು ಒಪ್ಪಲಾರರು. ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ಇದನ್ನು ಧ್ವನಿಮುದ್ರಿಸಿಕೊಂಡ ಕ್ರಿಸ್ ಥಾಮಸ್ ಮತ್ತು ಬಿಲ್ ಪ್ರೈಸ್ ಇಬ್ಬರೂ ಆ ಕಾಲಕ್ಕೆ ಪಳಗಿದ ಕೈಗಳು. ಥಾಮಸ್ ಅವರು ಬೀಟಲ್ಸ್ ತಂಡದೊಡನೆ ಕೆಲಸ ಮಾಡಿದ್ದವರು. 1973ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಅತ್ಯಂತ ಜನಪ್ರಿಯ ಆಲ್ಬಮ್ಮಿನ ಅಂತಿಮ ಧ್ವನಿಮಿಶ್ರಣದಲ್ಲೂ ಅವರ ಪಾಲಿತ್ತು. ಪಿಸ್ಟಲ್ಸ್‌ನ ಗಾಯಕ ಜಾನ್ ಲೈಡನ್ ತಂಡದವರ ಕಣ್ಣಿಗೆ ಬಿದ್ದದ್ದೇ ‘ಪಿಂಕ್ ಫ್ಲಾಯ್ಡ್ ಕಂಡರೆ ನನಗೆ ದ್ವೇಷ’ ಎಂದು ಕೈಯಾರೆ ಬರೆದುಕೊಂಡಿದ್ದ ಟೀಶರ್ಟಿನಿಂದ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ವೇದಿಕೆಯ ಮೇಲೆ ಹಳೆಯದನ್ನೆಲ್ಲ ಒದ್ದು ಬಿಸಾಡಿದ ತಂಡ, ಸ್ಟುಡಿಯೋದ ಬಾಗಿಲು ಹಾಕಿಕೊಂಡ ಮೇಲೆ ಹಳಬರ ಕೈಗುಣವನ್ನೇ ನಂಬಿತು.

ಗಿಟಾರ್ ನುಡಿಸಿದ ಸ್ಟೀವ್ ಜೋನ್ಸ್ ಅವರ ಕೆಲಸದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಹಾಡಿಗೆ ಒಂದು ಗಿಟಾರಿನ ಪಟ್ಟಿ ಮುದ್ರಿಸಿ ಅವರು ಕೈತೊಳೆದುಕೊಳ್ಳಲಿಲ್ಲ. ಅದೇ ಸ್ವರಗಳನ್ನು ಮತ್ತೆ ನುಡಿಸಿ, ಒಂದರ ಮೇಲೊಂದು ಪದರವಾಗಿ ಕೂರಿಸಿದರು. ಪದರಗಳು ಒಂದಕ್ಕೊಂದು ಎಳ್ಳಷ್ಟು ಹಿಂದುಮುಂದಾದರೂ ಕೇಳುವವರಿಗೆ ಗೊಂದಲವೆನಿಸುತ್ತದೆ, ಇಲ್ಲಿ ಹಾಗಾಗಿಲ್ಲ. ಬೇಸ್ ಗಿಟಾರಿನ ಕಥೆ ಇನ್ನೂ ಹೆಚ್ಚಿನದು. ತಂಡದ ಮೊದಲ ಬೇಸ್ ವಾದಕ ಗ್ಲೆನ್ ಮ್ಯಾಟ್ಲಾಕ್ 1977ರ ಆರಂಭದಲ್ಲಿ ಹೊರಹೋಗಿದ್ದರು, ಅವರ ಜಾಗಕ್ಕೆ ಬಂದ ಸಿಡ್ ವಿಷಸ್‌ಗೆ ಬೇಸ್ ನುಡಿಸುವುದು ಹೆಚ್ಚುಕಡಿಮೆ ಬರುತ್ತಲೇ ಇರಲಿಲ್ಲ. ಹೀಗಾಗಿ ಆಲ್ಬಮ್ಮಿನ ಬಹುಪಾಲು ಬೇಸ್ ಕೂಡ ಜೋನ್ಸ್ ಅವರದೇ. ಗಿಟಾರು ಮತ್ತು ಬೇಸ್ ಒಂದೇ ಕೈಯಿಂದ ಹೊರಟದ್ದರಿಂದ ಎರಡರ ಹೊಡೆತವೂ ಒಂದೇ ಜಾಗದಲ್ಲಿ ಬೀಳುತ್ತದೆ, ಪಾಲ್ ಕುಕ್ ಅವರ ಡ್ರಮ್ ಅದಕ್ಕೆ ಆಣಿ ಹೊಡೆದಂತೆ ಕೂರುತ್ತದೆ. ಫೋನಿನ ಸಣ್ಣ ಸ್ಪೀಕರಿನಲ್ಲಿ ಇದೆಲ್ಲ ಒಂದೇ ಮೊರೆತವಾಗಿ ಕೇಳಿಸುತ್ತದೆ. ಎಲ್‌ಪಿಯಲ್ಲಿ, ಅದರಲ್ಲೂ ಮೊದಲ ಬದಿಯ ಮೊದಲೆರಡು ಹಾಡುಗಳಲ್ಲಿ, ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಮ್ಯಾಟ್ಲಾಕ್ ಅವರು ‘ಪ್ರೆಟಿ ವೇಕಂಟ್’ ಹಾಡಿನ ಮುಖ್ಯ ಗಿಟಾರ್ ತುಣುಕು ಅಬ್ಬಾ ತಂಡದ ಹಾಡೊಂದರಿಂದ ಹೊಳೆದದ್ದು ಎಂದು ಮುಂದೆ ಹೇಳಿಕೊಂಡಿದ್ದಾರೆ. ಅದನ್ನು ತಿಳಿದ ಮೇಲೆ ಆ ಹಾಡಿನ ಸಿಹಿ ನನಗೆ ಇನ್ನಷ್ಟು ಸ್ಪಷ್ಟವಾಗಿ ಕೇಳಿಸತೊಡಗಿತು.

ಇಷ್ಟು ಅಚ್ಚುಕಟ್ಟಾದ ವಾದನದ ಮೇಲೆ ಲೈಡನ್ ಅವರ ಧ್ವನಿ ಬರುತ್ತದೆ. ಅವರನ್ನು ಆಗ ಎಲ್ಲರೂ ಜಾನಿ ರಾಟನ್ ಎಂದು ಕರೆಯುತ್ತಿದ್ದರು. ರಾಟನ್ ಎಂದರೆ ಕೊಳೆತದ್ದು. ಐರ್ಲೆಂಡಿನಿಂದ ಲಂಡನ್ನಿಗೆ ವಲಸೆ ಬಂದ ಬಡ ಕುಟುಂಬದ ಮಗ, ಏಳನೆಯ ವಯಸ್ಸಿನಲ್ಲಿ ಮಿದುಳುಪೊರೆಯ ಉರಿಯೂತಕ್ಕೆ ತುತ್ತಾಗಿ ಸುಮಾರು ಒಂದು ವರ್ಷ ಆಸ್ಪತ್ರೆಯ ಸಹವಾಸ ಕಂಡ ಹುಡುಗ, ನೆನಪಿನ ಶಕ್ತಿಯನ್ನೇ ಕಳೆದುಕೊಂಡು ಮತ್ತೆ ಗಳಿಸಿಕೊಂಡವನು. ಅವರು ಪದಗಳನ್ನು ಹಾಡುವುದಿಲ್ಲ, ಹಲ್ಲಿನ ನಡುವೆ ಹಿಡಿದು ಎಳೆಯುತ್ತಾರೆ. ‘ರ’ಕಾರ ಬಂದಾಗಲೆಲ್ಲ ಅದನ್ನು ಉರುಳಿಸುತ್ತಾರೆ, ಸಾಲಿನ ಕೊನೆಯ ಅಕ್ಷರಕ್ಕೆ ಒಂದು ಅಣಕದ ತಿರುವು ಕೊಡುತ್ತಾರೆ. ನಮ್ಮ ಯಕ್ಷಗಾನದ ಖಳಪಾತ್ರಧಾರಿ ರಂಗಕ್ಕೆ ಬಂದಾಗ ಕೊಡುವ ಕೂಗಿನಲ್ಲಿ ಹೇಗೆ ಅಬ್ಬರದ ಜೊತೆಗೆ ಲೆಕ್ಕಾಚಾರವೂ ಇರುತ್ತದೋ ಹಾಗೆ ಇಲ್ಲಿಯೂ ಇದೆ. ಆ ಧ್ವನಿಯನ್ನು ಇಷ್ಟಪಡಬೇಕೆಂದು ನಾನು ಯಾರನ್ನೂ ಒತ್ತಾಯಿಸಲಾರೆ; ಆದರೆ ಒಮ್ಮೆ ಕೇಳಿದ ಮೇಲೆ ಅದು ಕಿವಿಯಿಂದ ಇಳಿಯುವುದಿಲ್ಲ.

ತಂಡ ಹುಟ್ಟಿದ ಜಾಗ ಒಂದು ಬಟ್ಟೆಯಂಗಡಿ. ಲಂಡನ್ನಿನ ಕಿಂಗ್ಸ್ ರಸ್ತೆಯ 430ನೆಯ ನಂಬರಿನ ಆ ಅಂಗಡಿಯನ್ನು ಮುಂದೆ ತಂಡದ ಮ್ಯಾನೇಜರಾದ ಮಾಲ್ಕಮ್ ಮೆಕ್‌ಲಾರೆನ್ ಮತ್ತು ವಸ್ತ್ರವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ನಡೆಸುತ್ತಿದ್ದರು. ಅಲ್ಲಿ ಓಡಾಡಿಕೊಂಡಿದ್ದ ಜೋನ್ಸ್ ಮತ್ತು ಕುಕ್, ಶನಿವಾರಗಳಂದು ಕೌಂಟರಿನಲ್ಲಿ ನಿಲ್ಲುತ್ತಿದ್ದ ಮ್ಯಾಟ್ಲಾಕ್, 1975ರ ಆಗಸ್ಟಿನಲ್ಲಿ ಆ ಟೀಶರ್ಟ್ ತೊಟ್ಟು ಬಂದ ಲೈಡನ್, ಹೀಗೆ ನಾಲ್ವರೂ ಒಂದಾದರು. ಅಂಗಡಿಯಲ್ಲಿದ್ದ ಜೂಕ್‌ಬಾಕ್ಸಿನ ಹಾಡಿಗೆ ಬಾಯಿ ಆಡಿಸಿ, ಕುಣಿದು ತೋರಿಸಿದ್ದೇ ಲೈಡನ್ ಅವರ ಪರೀಕ್ಷೆ. 1975ರ ನವೆಂಬರ್ 6ರಂದು ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ ಅವರ ಮೊದಲ ಕಾರ್ಯಕ್ರಮ ನಡೆಯಿತು. ಬ್ರಿಟನ್ನಿನಲ್ಲಿ ಆ ವರ್ಷ ಬೆಲೆಯೇರಿಕೆಯ ದರ ಶೇ 24 ದಾಟಿತ್ತು, ಮರುವರ್ಷ ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಚಾಚಬೇಕಾಯಿತು, ಹತ್ತು ಲಕ್ಷಕ್ಕೂ ಹೆಚ್ಚು ಜನ ಕೆಲಸವಿಲ್ಲದೆ ಕುಳಿತಿದ್ದರು. ಶಾಲೆ ಮುಗಿಸಿದ ಹುಡುಗರಿಗೆ ಮುಂದೆ ಏನೂ ಕಾಣದಿದ್ದ ಹೊತ್ತಿನಲ್ಲಿ, ರಾಕ್ ಸಂಗೀತದ ದೊಡ್ಡ ತಂಡಗಳು ಇಪ್ಪತ್ತು ನಿಮಿಷದ ಹಾಡುಗಳನ್ನು ಕಟ್ಟುವುದರಲ್ಲಿ ಮುಳುಗಿದ್ದವು. ಪಿಸ್ಟಲ್ಸ್‌ನ ಹಾಡುಗಳು ಮೂರೂವರೆ ನಿಮಿಷದ ಆಸುಪಾಸಿನಲ್ಲೇ ಮುಗಿಯುತ್ತವೆ ಎಂಬುದು ಆ ಹೊತ್ತಿಗೆ ಒಂದು ಹೇಳಿಕೆಯೇ ಆಗಿತ್ತು.

ಇಡೀ ದೇಶಕ್ಕೆ ಇವರ ಹೆಸರು ಗೊತ್ತಾದದ್ದು ಸಂಗೀತದಿಂದಲ್ಲ. ಇಎಂಐ ರೆಕಾರ್ಡ್ಸ್ ಕಂಪನಿ 40,000 ಪೌಂಡ್ ಮುಂಗಡ ಕೊಟ್ಟು ಕರಾರು ಮಾಡಿಕೊಂಡು, 1976ರ ನವೆಂಬರ್ 26ರಂದು ‘ಅನಾರ್ಕಿ ಇನ್ ದ ಯುಕೆ’ ಹಾಡನ್ನು ಹೊರತಂದಿತ್ತು. ಅದಾದ ಐದನೆಯ ದಿನ, ಡಿಸೆಂಬರ್ 1ರಂದು, ಸಂಜೆಯ ಟಿವಿ ಕಾರ್ಯಕ್ರಮವೊಂದಕ್ಕೆ ಬರಬೇಕಿದ್ದ ಕ್ವೀನ್ ತಂಡ ಬಾರದೆ ಹೋದದ್ದರಿಂದ ಅದೇ ಕಂಪನಿಯ ಪಿಸ್ಟಲ್ಸ್‌ಗೆ ಕರೆ ಬಂತು. ನಿರೂಪಕ ಬಿಲ್ ಗ್ರಂಡಿ ಅವರು ಹುಡುಗರನ್ನು ಕೆಣಕಿದರು, ಜೊತೆಗೆ ಬಂದಿದ್ದ ಯುವತಿಯೊಬ್ಬಳಿಗೆ ಸಲ್ಲದ ಮಾತಾಡಿದರು, ಇನ್ನೂ ಏನಾದರೂ ಕೆಟ್ಟದ್ದು ಹೇಳಿ ನೋಡೋಣ ಎಂದು ತಾವೇ ಪಂಥಕ್ಕೆಳೆದರು. ಜೋನ್ಸ್ ಹೇಳಿದರು. ಮನೆಮಂದಿ ಕುಳಿತು ನೋಡುವ ಹೊತ್ತಿನಲ್ಲಿ ನೇರಪ್ರಸಾರದಲ್ಲಿ ಆ ಪದಗಳು ಹೊರಬಿದ್ದವು. ಮರುದಿನದ ಪತ್ರಿಕೆಗಳ ಮುಖಪುಟಗಳೆಲ್ಲ ಇವರವೇ. ಆ ತಿಂಗಳು ನಿಗದಿಯಾಗಿದ್ದ ಸುಮಾರು ಇಪ್ಪತ್ತು ಊರುಗಳ ಪ್ರವಾಸದಲ್ಲಿ ನಡೆದದ್ದು ಬೆರಳೆಣಿಕೆಯಷ್ಟು ಕಾರ್ಯಕ್ರಮಗಳು. ವೇಲ್ಸ್ ಪ್ರಾಂತ್ಯದ ಕೇರ್‌ಫಿಲಿ ಎಂಬ ಊರಿನಲ್ಲಿ ಒಳಗೆ ಇವರು ನುಡಿಸುತ್ತಿದ್ದರೆ ಹೊರಗೆ ಚಳಿಯಲ್ಲಿ ನಿಂತ ಊರವರು ಕ್ರಿಸ್‌ಮಸ್ ಭಕ್ತಿಗೀತೆಗಳನ್ನು ಹಾಡಿ ಪ್ರತಿಭಟಿಸಿದರು. ಆ ಭಕ್ತರ ಬಗ್ಗೆ ನನಗೆ ಗೌರವವೇ ಇದೆ. ಹಾಡಿಗೆ ಹಾಡಿನಿಂದಲೇ ಉತ್ತರ ಕೊಟ್ಟವರು ಅವರು.

ಮುಂದಿನದು ವೇಗವಾಗಿ ನಡೆಯಿತು. 1977ರ ಜನವರಿಯಲ್ಲಿ ಇಎಂಐ ಇವರನ್ನು ಕೈಬಿಟ್ಟಿತು. ಮಾರ್ಚ್ 10ರಂದು ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಮೇಜು ಹಾಕಿ ಎ ಅಂಡ್ ಎಂ ಕಂಪನಿಯೊಡನೆ ಸಹಿ ಮಾಡಿದರು, ಒಂದೇ ವಾರದಲ್ಲಿ ಆ ಕಂಪನಿಯೂ ಕರಾರು ಮುರಿದು, ಆಗಲೇ ಒತ್ತಿಸಿದ್ದ ‘ಗಾಡ್ ಸೇವ್ ದ ಕ್ವೀನ್’ ಪ್ಲೇಟುಗಳನ್ನು ನಾಶಮಾಡಿಸಿತು. ಉಳಿದುಕೊಂಡ ಕೆಲವೇ ಪ್ರತಿಗಳಿಗೆ ಇಂದು ಸಂಗ್ರಾಹಕರು ಸಾವಿರಾರು ಪೌಂಡ್ ಕೊಡುತ್ತಾರೆ. ಕೊನೆಗೆ ವರ್ಜಿನ್ ಕಂಪನಿ ಧೈರ್ಯ ಮಾಡಿತು. ರಾಣಿ ಎರಡನೆಯ ಎಲಿಜಬೆತ್ ಅವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ದೇಶವೆಲ್ಲ ತೋರಣ ಕಟ್ಟುತ್ತಿದ್ದಾಗ, ಮೇ 27ರಂದು, ರಾಣಿಯನ್ನು ಅಣಕಿಸುವ ಆ ಹಾಡು ಬಿಡುಗಡೆಯಾಯಿತು. ಬಿಬಿಸಿ ಅದನ್ನು ನಿಷೇಧಿಸಿತು. ಆದರೂ ಜನಪ್ರಿಯತೆಯ ಪಟ್ಟಿಯಲ್ಲಿ ಹಾಡು ಎರಡನೆಯ ಸ್ಥಾನಕ್ಕೇರಿತು. ಮೊದಲನೆಯ ಸ್ಥಾನವನ್ನು ಬೇಕೆಂದೇ ತಪ್ಪಿಸಲಾಯಿತು ಎಂಬ ಅನುಮಾನ ಇಂದಿಗೂ ಹೋಗಿಲ್ಲ. ಜೂನ್ 7ರಂದು ಥೇಮ್ಸ್ ನದಿಯಲ್ಲಿ ದೋಣಿಯ ಮೇಲೆ ನುಡಿಸಲು ಹೋದಾಗ ಪೊಲೀಸರು ದೋಣಿಯನ್ನು ದಡಕ್ಕೆ ತಂದು ಕೆಲವರನ್ನು ಬಂಧಿಸಿದರು. ಅದೇ ತಿಂಗಳು ಲೈಡನ್ ಅವರ ಮೇಲೆ ಬೀದಿಯಲ್ಲಿ ಚೂರಿಯಿಂದ ಹಲ್ಲೆಯಾಯಿತು.

ಮೈಸೂರಿನಲ್ಲಿ ಕುಳಿತು ‘ಗಾಡ್ ಸೇವ್ ದ ಕ್ವೀನ್’ ಹಾಡನ್ನು ಕೇಳುವುದು ಲಂಡನ್ನಿನಲ್ಲಿ ಕೇಳಿದ ಹಾಗಲ್ಲ. ನಮ್ಮ ಊರಿನಲ್ಲಿ ರಾಜಮನೆತನದ ಬಗೆಗಿನ ಪ್ರೀತಿ ಹೇರಿದ್ದಲ್ಲ. ಕನ್ನಂಬಾಡಿಯ ನೀರು ಕುಡಿದವರಿಗೆ, ಮಹಾರಾಜ ಕಾಲೇಜಿನಲ್ಲಿ ಓದಿದವರಿಗೆ, ದಸರಾ ಮೆರವಣಿಗೆಗೆ ಬೆಳಗ್ಗೆಯೇ ಹೋಗಿ ಜಾಗ ಹಿಡಿದು ಕುಳಿತ ಮಕ್ಕಳಿಗೆ ಅದು ಒಳಗಿನಿಂದ ಬಂದದ್ದು. ನಾನೂ ಹಾಗೆ ಕುಳಿತವನೇ. ಆದ್ದರಿಂದ ಈ ಹಾಡು ಮೊದಲ ಸಲ ಕೇಳಿದಾಗ ನನಗೆ ಕಸಿವಿಸಿಯಾಗಿತ್ತು. ಈಗ ಎಲ್‌ಪಿಯಲ್ಲಿ, ಪದ ಪದ ಬಿಡಿಸಿ ಕೇಳಿದಾಗ ತಿಳಿಯುವುದೇನೆಂದರೆ, ಹಾಡಿನ ಸಿಟ್ಟಿನ ಗುರಿ ಒಬ್ಬ ವ್ಯಕ್ತಿಯಲ್ಲ. ಕೆಲಸವಿಲ್ಲದ ಮನೆಗಳ ಮುಂದೆ ಹಬ್ಬದ ಬಾವುಟ ಕಟ್ಟಿಸಿ, ಎಲ್ಲವೂ ಚೆನ್ನಾಗಿದೆ ಎನ್ನಿಸುವ ಸೋಗಿನ ಮೇಲೆ ಆ ಸಿಟ್ಟು. ಕೊನೆಯಲ್ಲಿ ‘ಮುಂದೇನೂ ಇಲ್ಲ’ ಎಂಬ ಅರ್ಥದ ಮಾತು ಮತ್ತೆ ಮತ್ತೆ ಬರುತ್ತದೆ, ಆಗ ಲೈಡನ್ ಅವರ ಧ್ವನಿಯಲ್ಲಿ ಅಣಕ ಹೋಗಿ ನೋವೊಂದು ಉಳಿಯುತ್ತದೆ. ಇಡೀ ಪ್ಲೇಟಿನಲ್ಲಿ ನನ್ನನ್ನು ಹೆಚ್ಚು ತಟ್ಟಿದ ಜಾಗ ಅದು.

ಆಲ್ಬಮ್ಮಿನ ಹೆಸರಿನ ಬಗ್ಗೆಯೂ ಹೇಳಬೇಕು. ‘ಬೊಲಕ್ಸ್’ ಎಂಬುದು ಗಂಡಸಿನ ಅಂಗವೊಂದನ್ನು ಸೂಚಿಸುವ ಪದ. ಆಡುಮಾತಿನಲ್ಲಿ ಕೆಲಸಕ್ಕೆ ಬಾರದ ಮಾತು ಎಂಬ ಅರ್ಥವೂ ಅದಕ್ಕಿದೆ. ನಾಟಿಂಗ್‌ಹ್ಯಾಮ್ ನಗರದ ರೆಕಾರ್ಡು ಅಂಗಡಿಯ ವ್ಯವಸ್ಥಾಪಕರೊಬ್ಬರು ಈ ಕವರನ್ನು ಕಿಟಕಿಯಲ್ಲಿ ಪ್ರದರ್ಶಿಸಿದ್ದಕ್ಕಾಗಿ 1889ರ ಅಸಭ್ಯ ಜಾಹೀರಾತು ಕಾಯ್ದೆಯಡಿ ನ್ಯಾಯಾಲಯಕ್ಕೆ ಎಳೆಯಲ್ಪಟ್ಟರು. ಅವರ ಪರ ವಾದಿಸಿದವರು ಜಾನ್ ಮಾರ್ಟಿಮರ್. ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಕಟಕಟೆಗೆ ಬಂದು ಈ ಪದ ಸಾವಿರ ವರ್ಷಗಳಿಂದ ಬಳಕೆಯಲ್ಲಿದೆ, ಒಂದು ಕಾಲದಲ್ಲಿ ಪಾದ್ರಿಗಳನ್ನು ಕರೆಯುವ ಅಡ್ಡಹೆಸರೂ ಆಗಿತ್ತು ಎಂದು ವಿವರಿಸಿದರು. 1977ರ ನವೆಂಬರ್ 24ರಂದು ನ್ಯಾಯಪೀಠ ಒಲ್ಲದ ಮನಸ್ಸಿನಿಂದಲೇ ಬಿಡುಗಡೆಯ ತೀರ್ಪು ಕೊಟ್ಟಿತು.

ಒಂದು ಪದ ಹೀಗೆ ಊರನ್ನೇ ಅಲುಗಿಸುವುದನ್ನು ಮೈಸೂರು ಅದಕ್ಕೂ ನಾಲ್ಕು ವರ್ಷ ಮೊದಲೇ ಕಂಡಿತ್ತು. 1973ರ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಇದೇ ಊರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ದನಕ್ಕೆ ಹಾಕುವ ಬೂಸಾ. ಆ ಒಂದು ಪದಕ್ಕೆ ಬೀದಿಗಳಲ್ಲಿ ಪ್ರತಿಭಟನೆ ಭುಗಿಲೆದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಅದೇ ಬಿಸಿಯಲ್ಲಿ ದಲಿತ ಚಳವಳಿ ಮತ್ತು ಬಂಡಾಯ ಸಾಹಿತ್ಯ ಗಟ್ಟಿಯಾದವು. ಎರಡೂ ಪ್ರಸಂಗಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನಾನು ಹೊರಟಿಲ್ಲ. ಬಸವಲಿಂಗಪ್ಪನವರ ಮಾತಿನ ಹಿಂದೆ ಶತಮಾನಗಳ ಅವಮಾನವಿತ್ತು. ಲಂಡನ್ನಿನ ಹುಡುಗರ ಹಿಂದೆ ವ್ಯಾಪಾರ ಬಲ್ಲ ಒಬ್ಬ ಮ್ಯಾನೇಜರಿದ್ದರು. ಆದರೆ ಕೆರಳಿದವರು ಎರಡೂ ಕಡೆ ಪದವನ್ನು ಹಿಡಿದುಕೊಂಡು, ಆ ಪದ ಎತ್ತಿದ ಪ್ರಶ್ನೆಯನ್ನು ಬಿಟ್ಟುಬಿಟ್ಟರು.

ಕೆರಳಿಸಿದ್ದೆಲ್ಲವೂ ಸರಿ ಎಂದು ನಾನು ಹೇಳಲಾರೆ. ತಂಡದವರೂ ಅವರ ಸುತ್ತಲಿನವರೂ ನಾಜಿ ಸ್ವಸ್ತಿಕವಿರುವ ಬಟ್ಟೆ ತೊಟ್ಟು ತಿರುಗಿದರು. ಹಿರಿಯರನ್ನು ಬೆಚ್ಚಿಬೀಳಿಸುವ ಉದ್ದೇಶವಿತ್ತೇ ಹೊರತು ಆ ಸಿದ್ಧಾಂತದ ಮೇಲೆ ಒಲವಿರಲಿಲ್ಲ ಎಂಬುದು ಅವರ ಪರವಾಗಿ ಬರುವ ವಾದ. ಲಕ್ಷಾಂತರ ಜನರನ್ನು ಸುಟ್ಟವರ ಗುರುತನ್ನು ಕೇವಲ ಬೆಚ್ಚಿಬೀಳಿಸಲು ಬಳಸುವುದು ಆ ಜನರಿಗೆ ಎಸಗುವ ಎರಡನೆಯ ಅನ್ಯಾಯ. ಈ ಆಲ್ಬಮ್ಮಿನ ಮೊದಲ ಹಾಡಿನ ಸಾಹಿತ್ಯದಲ್ಲಿಯೂ ನಾಜಿಗಳ ಬೆಲ್ಸೆನ್ ಶಿಬಿರದ ಹೆಸರನ್ನು ಹೀಗೆ ಹಗುರವಾಗಿ ಎಸೆದಿರುವ ಸಾಲಿದೆ. ಬೂಟುಗಾಲಿನ ಆ ಅದ್ಭುತ ಆರಂಭದ ನಂತರ ಆ ಸಾಲು ಬಂದಾಗ ಪ್ರತಿ ಸಲವೂ ನನ್ನ ಮನಸ್ಸು ಹಿಂದೆ ಸರಿಯುತ್ತದೆ. ಎರಡನೆಯ ಹಾಡು ‘ಬಾಡೀಸ್’ ಗರ್ಭಪಾತದ ಕುರಿತದ್ದು, ಬೈಗುಳಗಳು ಕಿಕ್ಕಿರಿದದ್ದು. ಮನೆಯಲ್ಲಿ ಸಣ್ಣ ಮಕ್ಕಳಿರುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಸಿಡ್ ವಿಷಸ್ ಅವರ ಕಥೆಯನ್ನು ಜನ ದಂತಕಥೆ ಮಾಡಿದ್ದಾರೆ, ನನಗೆ ಅದು ಕೇವಲ ದುಃಖದ ಕಥೆ. 1978ರ ಜನವರಿ 14ರಂದು ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್ ಸಭಾಂಗಣದಲ್ಲಿ ಕೊನೆಯ ಹಾಡು ಮುಗಿಸಿದ ಲೈಡನ್, ಮೋಸಹೋದೆವು ಎಂದು ನಿಮಗೆ ಎಂದಾದರೂ ಅನ್ನಿಸಿದೆಯೇ ಎಂದು ಸಭಿಕರನ್ನು ಕೇಳಿ ಹೊರನಡೆದರು. ತಂಡ ಅಲ್ಲಿಗೆ ಮುಗಿಯಿತು. ಅದೇ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸಿಡ್ ಅವರ ಗೆಳತಿ ನ್ಯಾನ್ಸಿ ಸ್ಪಂಜನ್ ಇರಿತದಿಂದ ಸತ್ತರು. ಆ ಕೊಲೆಯ ಆರೋಪ ಹೊತ್ತ ಸಿಡ್, ವಿಚಾರಣೆಗೆ ಮೊದಲೇ, 1979ರ ಫೆಬ್ರುವರಿ 2ರಂದು ಹೆರಾಯಿನ್ ಮಿತಿಮೀರಿ ಪ್ರಾಣ ಬಿಟ್ಟರು. ಆಕೆಗೆ ಇಪ್ಪತ್ತು ವರ್ಷ, ಆತನಿಗೆ ಇಪ್ಪತ್ತೊಂದು. ಟೀಶರ್ಟಿನ ಮೇಲೆ ಅವರ ಮುಖ ಮಾರುವವರು ಈ ವಯಸ್ಸನ್ನೂ ಅಚ್ಚು ಹಾಕಬೇಕಿತ್ತು.

ಹೀಗೆ ಎರಡೂವರೆ ವರ್ಷವೂ ಸರಿಯಾಗಿ ತುಂಬದ ತಂಡ ಬಿಟ್ಟುಹೋದದ್ದೇನು? 1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಎಂಬ ಸಣ್ಣ ಸಭಾಂಗಣದಲ್ಲಿ ಇವರು ನುಡಿಸಿದಾಗ ಕೇಳಲು ಬಂದವರು ಕೆಲವೇ ಹತ್ತು ಜನ. ಕಾರ್ಯಕ್ರಮ ಏರ್ಪಡಿಸಿದ್ದ ಇಬ್ಬರು ಯುವಕರು ಬಜ್‌ಕಾಕ್ಸ್ ತಂಡ ಕಟ್ಟಿದರು. ಕೇಳಲು ಬಂದಿದ್ದ ಪೀಟರ್ ಹುಕ್ ಮರುದಿನವೇ ಹೋಗಿ ಒಂದು ಬೇಸ್ ಗಿಟಾರ್ ಕೊಂಡರು. ಅವರೂ ಗೆಳೆಯ ಬರ್ನಾರ್ಡ್ ಸಮ್ನರ್ ಅವರೂ ಸೇರಿ ಕಟ್ಟಿದ ತಂಡವೇ ಜಾಯ್ ಡಿವಿಷನ್ ಆಯಿತು. ಲಂಡನ್ನಿನಲ್ಲಿ ಜೋ ಸ್ಟ್ರಮ್ಮರ್ ತಮ್ಮ ತಂಡದ ಜೊತೆಗೇ ನುಡಿಸಲು ಬಂದ ಪಿಸ್ಟಲ್ಸ್ ಅನ್ನು ಕೇಳಿ, ತಮ್ಮ ತಂಡ ಬಿಟ್ಟು ದ ಕ್ಲಾಶ್ ಸೇರಿದರು, ಆ ಕ್ಲಾಶ್ ತನ್ನ ಮೊದಲ ಕಾರ್ಯಕ್ರಮ ಕೊಟ್ಟದ್ದು 1976ರ ಜುಲೈ 4ರಂದು ಶೆಫೀಲ್ಡಿನಲ್ಲಿ, ಪಿಸ್ಟಲ್ಸ್‌ಗೆ ಮುನ್ನ. ಇವರಲ್ಲಿ ಯಾರೂ ಪಿಸ್ಟಲ್ಸ್‌ನ ಹಾಗೆ ನುಡಿಸಲಿಲ್ಲ. ನಾವೂ ಮಾಡಬಹುದು ಎಂಬ ಧೈರ್ಯವೊಂದನ್ನು ಮಾತ್ರ ತೆಗೆದುಕೊಂಡು, ತಮ್ಮ ಊರಿನ, ತಮ್ಮ ಮನಸ್ಸಿನ ಸಂಗೀತ ಕಟ್ಟಿದರು. ಲೈಡನ್ ಅವರು ಕೂಡ ತಂಡ ಒಡೆದ ವರ್ಷವೇ ಪಬ್ಲಿಕ್ ಇಮೇಜ್ ಲಿಮಿಟೆಡ್ ಎಂಬ ಬೇರೆಯೇ ನಾದದ ತಂಡ ಕಟ್ಟಿ, ಹಳೆಯದನ್ನು ಹಿಂದೆ ಬಿಟ್ಟು ನಡೆದರು.

ಮಿಕ್ಕ ಪರಂಪರೆ ಅಷ್ಟು ಸುಂದರವಾಗಿಲ್ಲ. 1996ರಲ್ಲಿ ಹಣಕ್ಕಾಗಿಯೇ ಎಂದು ಬಾಯಿಬಿಟ್ಟು ಹೇಳಿ ಮತ್ತೆ ಪ್ರವಾಸ ಮಾಡಿದರು. 2006ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಕೊಟ್ಟ ಗೌರವವನ್ನು ಕೈಬರಹದ ಚೀಟಿಯಲ್ಲಿ ನಿರಾಕರಿಸಿದರು. 2015ರಲ್ಲಿ ಈ ಹಳದಿ ಕವರಿನ ಚಿತ್ರ ಬ್ಯಾಂಕೊಂದರ ಕ್ರೆಡಿಟ್ ಕಾರ್ಡಿನ ಮೇಲೆ ಬಂತು. 2021ರಲ್ಲಿ ಟಿವಿ ಸರಣಿಯೊಂದಕ್ಕೆ ಹಾಡುಗಳನ್ನು ಕೊಡುವ ವಿಷಯದಲ್ಲಿ ಜೋನ್ಸ್ ಮತ್ತು ಕುಕ್ ಲಂಡನ್ನಿನ ನ್ಯಾಯಾಲಯದಲ್ಲಿ ಲೈಡನ್ ವಿರುದ್ಧ ಗೆದ್ದರು. 2024ರಿಂದ ಫ್ರಾಂಕ್ ಕಾರ್ಟರ್ ಎಂಬ ಬೇರೆ ಗಾಯಕರೊಡನೆ ಉಳಿದವರು ಮತ್ತೆ ವೇದಿಕೆ ಏರಿದ್ದಾರೆ. ಇದನ್ನೆಲ್ಲ ತಿಳಿದ ಮೇಲೂ ಪ್ಲೇಟಿನ ಮೇಲೆ ಮುಳ್ಳು ಇಟ್ಟಾಗ ಆ ಮೂವತ್ತೆಂಟು ನಿಮಿಷಗಳಿಗೆ ಧೂಳು ಹಿಡಿದಿಲ್ಲ.

ಇನ್ನು ಕೈಗೆ ಬಂದ ವಸ್ತುವಿನ ಬಗ್ಗೆ. ಕಂಪನಿಯ ಅಚ್ಚಿನ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಪ್ಲೇಟು ದಪ್ಪಗಿದೆ, ಸಮತಟ್ಟಾಗಿದೆ, ತಿರುಗುವಾಗ ಅಲೆಯಾಡುವುದಿಲ್ಲ. ಹಾಡುಗಳ ನಡುವಿನ ಮೌನದಲ್ಲಿ ಚರಚರ ಸದ್ದು ಬಹಳ ಕಡಿಮೆ. ಎರಡೂ ಬದಿಗಳಲ್ಲಿ ಆರಾರು ಹಾಡುಗಳಿದ್ದು, ಒಳಸುತ್ತಿಗೆ ಹೋದಂತೆ ತಾಳದ ಸಣ್ಣ ತಟ್ಟೆಗಳ ಸದ್ದು ಸ್ವಲ್ಪ ಒರಟಾಗುತ್ತದೆ. ಇದು ಎಲ್‌ಪಿಯ ಜಾಯಮಾನವೇ ಹೊರತು ಈ ಪ್ರತಿಯ ದೋಷವಲ್ಲ. ನನ್ನ ಪ್ರತಿಯ ಒಳಕವರಿನಲ್ಲಿ ಹಾಡುಗಳ ಸಾಹಿತ್ಯವಾಗಲಿ, ಧ್ವನಿಮುದ್ರಣದ ವಿವರವಾಗಲಿ ಇರಲಿಲ್ಲ. ಇಷ್ಟು ಬೆಲೆಯ ವಸ್ತುವಿನಲ್ಲಿ ಒಂದು ಹಾಳೆಯ ಟಿಪ್ಪಣಿಯಾದರೂ ಇರಬೇಕಿತ್ತು, ಅದರಲ್ಲೂ ಲೈಡನ್ ಅವರ ಉಚ್ಚಾರಣೆಗೆ ಕಿವಿ ಪಳಗದ ನಮ್ಮಂಥವರಿಗೆ.

ದೂರಿರುವುದು ಕಳುಹಿಸಿದವರ ಮೇಲೆ. ಆನ್‌ಲೈನ್ ಅಂಗಡಿಯವರು ಎಲ್‌ಪಿಯನ್ನು ತೆಳುವಾದ ರಟ್ಟಿನಲ್ಲಿ ಸುತ್ತಿ ಕಳುಹಿಸಿದ್ದರು, ಕವರಿನ ಬಲ ಮೂಲೆ ಬೆರಳಗಲ ಮಡಚಿಕೊಂಡೇ ಬಂತು. ಫೋಟೋ ಕಳುಹಿಸಿ ಕೇಳಿದ್ದಕ್ಕೆ, ಪ್ಲೇಟಿಗೆ ಪೆಟ್ಟಾಗಿದ್ದರೆ ಮಾತ್ರ ಬದಲಿ ಕೊಡುತ್ತೇವೆ ಎಂಬ ಉತ್ತರ ಬಂತು. ಈ ಆಲ್ಬಮ್ಮಿನಲ್ಲಿ ಕವರು ಪ್ಲೇಟಿನಷ್ಟೇ ಮುಖ್ಯ ಎಂಬುದನ್ನು ಅವರಿಗೆ ತಿಳಿಸಲು ಬಹಳ ಪ್ರಯತ್ನಪಟ್ಟೆ. ಜೇಮೀ ರೀಡ್ ರಚಿಸಿದ ಈ ಕವರಿನಲ್ಲಿ ಒಂದು ಚಿತ್ರವೂ ಇಲ್ಲ; ಕಣ್ಣು ಕುಕ್ಕುವ ಹಳದಿಯ ಮೇಲೆ ಕಪ್ಪು ಅಕ್ಷರಗಳು, ತಂಡದ ಹೆಸರು ಮಾತ್ರ ಗುಲಾಬಿ ಪಟ್ಟಿಯಲ್ಲಿ, ಅಪಹರಣಕಾರರು ಪತ್ರಿಕೆಯ ಅಕ್ಷರ ಕತ್ತರಿಸಿ ಅಂಟಿಸಿದ ಬೆದರಿಕೆ ಪತ್ರದಂತೆ. ಚಳವಳಿಯ ಕರಪತ್ರಗಳನ್ನು ಕೈಯಲ್ಲಿ ಹಿಡಿದವರಿಗೆ ಈ ಅವಸರದ, ಅಗ್ಗದ ಸೌಂದರ್ಯ ತಟ್ಟನೆ ಗುರುತು ಸಿಗುತ್ತದೆ. ತರಿಸುವವರು ಎರಡು ಪದರದ ಗಟ್ಟಿ ಪೆಟ್ಟಿಗೆಯಲ್ಲಿ ಕಳುಹಿಸುತ್ತಾರೆಯೇ ಎಂದು ಮೊದಲೇ ಬರೆದು ಕೇಳಿಕೊಳ್ಳಿ. ಪ್ಲೇಯರ್ ಇಲ್ಲದವರು ಬರಿಯ ಈ ಆಲ್ಬಮ್ಮಿಗಾಗಿ ಪ್ಲೇಯರ್ ಕೊಳ್ಳುವುದು ಬೇಡ, ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಮುಕ್ಕಾಲು ಪಾಲು ದಕ್ಕುತ್ತದೆ. ಪ್ಲೇಯರ್ ಇರುವವರು ಖಂಡಿತ ಕೊಳ್ಳಬೇಕು.

ಪ್ಲೇಟಿನ ಕೊನೆಯ ಹಾಡಿನ ಹೆಸರು ‘ಇಎಂಐ’. ಮುಂಗಡ ಕೊಟ್ಟು ಹೆದರಿ ಬಿಟ್ಟುಹೋದ ಕಂಪನಿಯನ್ನು ಹೆಸರು ಹಿಡಿದು ಕರೆದು ಆಲ್ಬಮ್ ಮುಗಿಯುತ್ತದೆ. ಅದನ್ನು ಕೇಳುವಾಗ ಮಾವ ಒಂದು ವಿಷಯ ನೆನಪಿಸಿದರು. ನಾವು ನಾಯಿ ಗುರುತಿನ ಪ್ಲೇಟು ಎನ್ನುತ್ತಿದ್ದ ಎಚ್‌ಎಂವಿ ಅದೇ ಕಂಪನಿಯದು. ನಮ್ಮ ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ಮರೆಯಾಗಿ ಬದುಕುತ್ತಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟದ್ದು ಅದೇ ಎಚ್‌ಎಂವಿಯ ಮೂಲಕ. ಯಾರೂ ಕೊಳ್ಳಲಾರರು ಎಂದು ಕಂಪನಿಗಳು ಹಿಂಜರಿದಿದ್ದ ಸಂಗೀತಕ್ಕೆ ಮೈಸೂರಿನ ಮಹಾರಾಜರು ಬೆನ್ನಾಗಿ ನಿಂತಿದ್ದರು. ರಾಣಿಯನ್ನು ಅಣಕಿಸಿದ ಹುಡುಗರ ಪ್ಲೇಟಿನ ಕೊನೆಯಲ್ಲಿ ಆ ಕಂಪನಿಯ ಹೆಸರು ಬಂದಾಗ ನನಗೆ ಈಗ ಎರಡೂ ಕಥೆಗಳು ಒಟ್ಟಿಗೆ ನೆನಪಾಗುತ್ತವೆ.

ಕುವೆಂಪುನಗರದಲ್ಲಿರುವ ನನ್ನ ಅಣ್ಣನ ಮಗಳು ಗಿಟಾರ್ ನುಡಿಸುತ್ತಾಳೆ. ಅವಳೂ ಕಾಲೇಜಿನ ಮೂವರು ಗೆಳತಿಯರೂ ಸೇರಿ ಒಂದು ತಂಡ ಕಟ್ಟಿಕೊಂಡಿದ್ದಾರೆ. ಹೋದ ಭಾನುವಾರ ಮನೆಗೆ ಬಂದು ಎರಡೂ ಬದಿ ಕೇಳಿದಳು. “ಚಿಕ್ಕಪ್ಪಾ, ಇದು ಒಂದೇ ಗಿಟಾರಲ್ಲ ಅಲ್ವಾ? ಎಷ್ಟು ಸಲ ನುಡಿಸಿದಾರೆ?” ಎಂದು ಕೇಳಿ, ‘ಪ್ರೆಟಿ ವೇಕಂಟ್’ನ ಮೊದಲ ತುಣುಕನ್ನು ನಾಲ್ಕೈದು ಬಾರಿ ಹಿಂದಕ್ಕೆ ಹಾಕಿಸಿಕೊಂಡಳು. ಫೋನಿನಲ್ಲಿ ತನ್ನ ಗಿಟಾರನ್ನು ಒಂದರ ಮೇಲೊಂದರಂತೆ ಮೂರು ಸಲ ಧ್ವನಿಮುದ್ರಿಸಿ ನಿನ್ನೆ ರಾತ್ರಿ ಕಳುಹಿಸಿದ್ದಾಳೆ. ಮೂರನೆಯ ಪದರ ಇನ್ನೂ ಸರಿಯಾಗಿ ಕೂತಿಲ್ಲ, ನಡುವೆ ಒಂದೆಡೆ ಎಳೆಯುತ್ತದೆ. ಅದರ ಮೇಲೆ ಅವಳು ಹಾಡಿರುವುದು ತಾನೇ ಬರೆದ ನಾಲ್ಕು ಕನ್ನಡ ಸಾಲು, ಅವರ ಹಾಸ್ಟೆಲ್ ಗೆಳತಿಯರ ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ಬರುವ ನೀರಿನ ಬಗ್ಗೆ.